ಬಿಡುಗಡೆ ಆದಮೇಲೆ ಪುಸ್ತಕ ಎಲ್ಲಿಗೆ ಹೋಗುತ್ತದೆ?

ಮಲೆನಾಡಿನಲ್ಲಿ ಬರೆಯುವವರಿಗೆ ಬರವಿಲ್ಲ, ಓದುವವರೇ ಕಮ್ಮಿ ಎಂದಿದ್ದೀರಿ. ಅರ್ಧ ಒಪ್ಪುತ್ತೇನೆ. ಓದುವವರಿದ್ದಾರೆ ಸಾರ್, ಪುಸ್ತಕ ಅವರ ಕೈಗೆ ಸಿಗುವುದಿಲ್ಲ ಅಷ್ಟೆ.

ನಾಲ್ಕು ವರ್ಷದ ಹಿಂದೆ ನಾನೇ ದುಡ್ಡು ಹಾಕಿ ಒಂದು ಕಥಾಸಂಕಲನ ತಂದೆ, 500 ಪ್ರತಿ. ಬಿಡುಗಡೆಗೆ ಬಂದ ನೆಂಟರೆಲ್ಲ ‘ಗೌರವ ಪ್ರತಿ’ ಎತ್ತಿಕೊಂಡು ಹೋದರು. ಶಿವಮೊಗ್ಗದ ಒಂದು ಅಂಗಡಿಯವರು 40 ಪರ್ಸೆಂಟ್ ಕಮಿಷನ್ ಕೇಳಿದರು, ಒಪ್ಪಿದೆ. ಪುಸ್ತಕ ಇಟ್ಟಿದ್ದು ಗೈಡುಗಳ ಹಿಂದೆ! ಉಳಿದ ಕಟ್ಟು ಅಟ್ಟದ ಮೇಲೆ ಒಂದೇ ಮಳೆಗಾಲಕ್ಕೆ ಬೂಸ್ಟು ಹಿಡಿಯಿತು. (ಅಡಿಕೆಯಾದರೆ ಬೂಸ್ಟು ಬಂದರೂ ಏನೋ ಒಂದು ರೇಟು ಸಿಗುತ್ತೆ.)

ಕೊನೆಗೆ ತೀರ್ಥಹಳ್ಳಿಯ ಒಂದು ಕ್ಯಾಂಟೀನಿನಲ್ಲಿ, ಗಲ್ಲಾ ಪಕ್ಕ, ಚಿಕ್ಕಿ ಡಬ್ಬಿಯ ಜೊತೆ ಐದು ಪ್ರತಿ ಇಟ್ಟೆ. ಬಸ್ಸು ಕಾಯುವವರು ಸುಮ್ನೆ ತಿರುವಿ ಹಾಕುತ್ತಾ, ತಿಂಗಳಲ್ಲಿ ಐದೂ ಹೋದವು.

ಸಾಗರದ ಹತ್ತಿರ ಹೆಗ್ಗೋಡಿನಲ್ಲಿ ನೀನಾಸಂ ಎಂಬ ನಾಟಕ ಸಂಸ್ಥೆ ಶುರುವಾಗಿದ್ದು 1949ರಲ್ಲಿ. ಅದೇ ಹಳ್ಳಿಯಿಂದ, ಅದನ್ನು ಕಟ್ಟಿ ಬೆಳೆಸಿದ ಕೆ.ವಿ. ಸುಬ್ಬಣ್ಣ ಅಕ್ಷರ ಪ್ರಕಾಶನವನ್ನೂ ನಡೆಸಿದರು. ಪುಸ್ತಕಕ್ಕೆ ಬೆಂಗಳೂರೇ ಆಗಬೇಕು ಅಂತೇನಿಲ್ಲ ಅಲ್ವಾ?

ನಮ್ಮೂರಿನ ಲೇಖಕರು ಪುಕ್ಕಟೆ ಕೊಟ್ಟರೆ ತಗೋಬೇಡಿ, ದುಡ್ಡು ಕೊಟ್ಟೇ ತಗೊಳ್ಳಿ. ಇಷ್ಟವಾಗದಿದ್ದರೆ ಮುಖಕ್ಕೇ ಹೇಳಿ. ನನಗೆ ಹಾಗೆ ಹೇಳಿದವರು ಆ ಕ್ಯಾಂಟೀನಿನವರೊಬ್ಬರೇ: “ಕೊನೇ ಕತೆ ಗಡಿಬಿಡೀಲಿ ಮುಗಿಸಿದ್ದೀರಿ ಮಾರಾಯ್ರೇ.”