ಶ್ರೀಯುತ ಡೆವಲಪರ್ ಅವರ ಜೀವನ ಮತ್ತು ಸಾಧನೆ

ಜೀವನಚರಿತ್ರೆ ಬರೆಸಿಕೊಳ್ಳುವ ಅರ್ಹತೆ ಮೈಸೂರಿನಲ್ಲಿ ಬಹುಕಾಲ ಅರಸರಿಗೆ, ದಿವಾನರಿಗೆ, ವೀಣೆಯ ವಿದ್ವಾಂಸರಿಗೆ ಮತ್ತು ಗರಡಿಮನೆಯ ಪೈಲ್ವಾನರಿಗೆ ಮಾತ್ರ ಮೀಸಲಾಗಿತ್ತು. ಈಗ ಆ ಪಂಕ್ತಿಯಲ್ಲಿ ಇನ್ನೊಂದು ಎಲೆ ಬಿದ್ದಿದೆ. ವರ್ತುಲ ರಸ್ತೆಯ ಯಾವ ಜಂಕ್ಷನ್‌ನಲ್ಲಿ ನಿಂತು ತಲೆಯೆತ್ತಿ ನೋಡಿದರೂ, ಫ್ಲೆಕ್ಸಿನ ಎಡಭಾಗದಲ್ಲಿ ಕೈಮುಗಿದು, ಬಲಭಾಗದಲ್ಲಿ ಮೊಬೈಲನ್ನು ಕಿವಿಗಿಟ್ಟುಕೊಂಡು, ನಡುವೆ ಚಾಮುಂಡೇಶ್ವರಿಯನ್ನು ಸಣ್ಣದಾಗಿ ಕೂರಿಸಿ ನಗುತ್ತಿರುವ ಶ್ವೇತವಸ್ತ್ರಧಾರಿಯೊಬ್ಬರು ಕಾಣುತ್ತಾರೆ. ಕೆಳಗೆ ಶುಭ ಕೋರುವವರ ಮುಖಗಳು ಅವರದೇ ಲೇಔಟಿನ ನಕ್ಷೆಯಂತೆ ಸಾಲುಸಾಲಾಗಿ, ನಡುವೆ ಅಂಗುಲ ಜಾಗವನ್ನೂ ಬಿಡದೆ ಜೋಡಣೆಗೊಂಡಿರುತ್ತವೆ. ಹೊಲಗಳನ್ನು ಸೈಟುಗಳಾಗಿ ಕತ್ತರಿಸಿ ಮಾರುವ ಈ ಡೆವಲಪರ್ ಅವರ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಉಳಿದ ಡೆವಲಪರುಗಳು ತಮ್ಮನ್ನು ಕಡೆಗಣಿಸಲಾಯಿತೆಂದು ಬೇಸರಪಟ್ಟುಕೊಂಡಾರು.

ಮಾನ್ಯರ ಸಾಧನೆಯ ಎತ್ತರ ತಿಳಿಯಬೇಕಾದರೆ ಅವರಿಗಿಂತ ಮುಂಚೆ ಈ ಊರು ಹೇಗೆ ಬೆಳೆಯುತ್ತಿತ್ತು ಎಂಬುದನ್ನು ಸ್ವಲ್ಪ ನೋಡಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪ್ಲೇಗು ಬಂದು ಕಿಷ್ಕಿಂಧೆಯಂತಹ ಓಣಿಗಳಲ್ಲಿ ಜನ ಸಾಯತೊಡಗಿದಾಗ, ಗಾಳಿ ಬೆಳಕು ಚರಂಡಿಗಳಿಲ್ಲದೆ ಊರು ಉಳಿಯದೆಂದು ಮನಗಂಡ ಅರಸೊತ್ತಿಗೆಯು ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ನಗರಾಭಿವೃದ್ಧಿಗೆಂದು ಒಂದು ಟ್ರಸ್ಟ್ ಮಂಡಳಿಯನ್ನು ಸ್ಥಾಪಿಸಿತು. ಮೊದಲು ಚರಂಡಿ, ಆಮೇಲೆ ರಸ್ತೆ, ಆಮೇಲೆ ಉದ್ಯಾನ, ಕಡೆಗೆ ಮನೆ ಎಂಬುದು ಅಂದಿನ ಕ್ರಮವಾಗಿತ್ತು. ಮಾನ್ಯರು ಆ ಹಳೆಯ ಕ್ರಮವನ್ನು ಪರಿಷ್ಕರಿಸಿದರು. ಅವರ ಬಡಾವಣೆಯಲ್ಲಿ ಮೊದಲು ಕಮಾನು ಏಳುತ್ತದೆ, ಆಮೇಲೆ ಸೈಟು ಮಾರಾಟವಾಗುತ್ತದೆ, ಆಮೇಲೆ ಮನೆ ಬರುತ್ತದೆ, ಆಮೇಲೆ ರಸ್ತೆಗಾಗಿ ಮನವಿ ಪತ್ರ ಹೋಗುತ್ತದೆ. ಚರಂಡಿಯು ಮುಂದಿನ ಚುನಾವಣೆಯ ಭರವಸೆಯಾಗಿ ಉಳಿಯುತ್ತದೆ. ಟ್ರಸ್ಟ್ ಮಂಡಳಿಯ ಜಾಗಕ್ಕೆ 1987ರ ಕಾಯ್ದೆಯಂತೆ ಬಂದ ಪ್ರಾಧಿಕಾರವು 2024ರಲ್ಲಿ ‘50:50’ (ಅಭಿವೃದ್ಧಿಯಾದ ಜಾಗದಲ್ಲಿ ಅರ್ಧ ಪ್ರಾಧಿಕಾರಕ್ಕೆ, ಅರ್ಧ ಭೂಮಿ ಕೊಟ್ಟವರಿಗೆ) ಎಂಬ ಅನುಪಾತವನ್ನು ನಾಡಿನ ಮಕ್ಕಳಿಗೆಲ್ಲ ಬಾಯಿಪಾಠ ಮಾಡಿಸಿತಷ್ಟೆ. ಮಾನ್ಯರ ಅನುಪಾತ ಅದಕ್ಕಿಂತ ಸರಳವಾದುದು: ಹಣ ನೂರಕ್ಕೆ ನೂರು, ಉದ್ಯಾನ ಸೊನ್ನೆ.

ಅವರು ಜನಿಸಿದ್ದು ಮಂಡ್ಯ ಜಿಲ್ಲೆಯಲ್ಲಿ, ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನ ಒಂದು ಊರಿನಲ್ಲಿ. ತಂದೆಯವರು ಪ್ರತಿದಿನ ಬೆಳಿಗ್ಗೆ ಪತ್ರಿಕೆಯಲ್ಲಿ ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟವನ್ನು ನೋಡುತ್ತಿದ್ದರು, 124.80 ಅಡಿ ತುಂಬಿದ ದಿನ ಮನೆಯಲ್ಲಿ ಹಬ್ಬ. ಮಗನಿಗೂ ಅಂಕಿಗಳ ಮೇಲೆ ಪ್ರೀತಿಯಿತ್ತು, ಆದರೆ ಅವರು ನೋಡುತ್ತಿದ್ದುದು ಚದರಡಿಯ ದರವನ್ನು. ಕಾಲೇಜಿನ ಪದವಿಯ ವಿಚಾರದಲ್ಲಿ ದಾಖಲೆಗಳು ಮೌನವಾಗಿವೆ. ಅವರ ನಿಜವಾದ ವಿದ್ಯಾಭ್ಯಾಸ ನಡೆದದ್ದು ಉಪನೋಂದಣಾಧಿಕಾರಿ ಕಚೇರಿಯ ಆವರಣದಲ್ಲಿ, ಪತ್ರಬರಹಗಾರರ ಮೇಜಿನ ಪಕ್ಕದ ಬೆಂಚಿನ ಮೇಲೆ. ಪಹಣಿ, ಪೋಡಿ, ಹಿಸ್ಸಾ, ಆಕಾರ್‌ಬಂದ್, 11ಇ ನಕ್ಷೆ, ಬಿ ಖರಾಬು ಮುಂತಾದ ಭೂದಾಖಲೆಯ ಶಾಸ್ತ್ರಗಳನ್ನು ಅವರು ಅಲ್ಲಿ ಗುರುಮುಖೇನ ಕಲಿತರು. ಆದರೆ ಯಾವ ಗುರುವೂ ಕಲಿಸಲಾಗದ ಒಂದು ವಿದ್ಯೆ ಅವರಿಗೆ ಹುಟ್ಟಿನಿಂದಲೇ ಬಂದಿತ್ತು. ಯಾವ ಊರಿನ ಯಾವ ಮನೆಯಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ, ಯಾವ ಅಕ್ಕ ಭಾಗ ಕೇಳಿ ಕೋರ್ಟಿಗೆ ಹೋಗಲಿದ್ದಾರೆ, ಯಾರ ಮಗಳ ಮದುವೆಗೆ ಎಷ್ಟು ಸಾಲವಾಗಿದೆ ಎಂಬುದೆಲ್ಲ ಆ ಮನೆಯವರಿಗಿಂತ ಒಂದು ವಾರ ಮುಂಚೆ ಅವರಿಗೆ ಗೊತ್ತಾಗುತ್ತಿತ್ತು.

ಮೊದಲ ಬಡಾವಣೆಯ ಕಥೆ ವಾಣಿಜ್ಯ ವಿದ್ಯಾರ್ಥಿಗಳಿಗೆ ಪಠ್ಯವಾಗಬೇಕು. ರೈತನಿಗೆ ಒಂದಿಷ್ಟು ಅಡ್ವಾನ್ಸ್ ಕೊಟ್ಟು ಅಗ್ರಿಮೆಂಟ್ ಹಾಕಿಕೊಂಡರು, ಜೊತೆಗೆ ರೈತನ ಪರವಾಗಿ ತಾವೇ ವ್ಯವಹರಿಸುವ ಅಧಿಕಾರಪತ್ರವಾದ ಒಂದು ಜಿಪಿಎ ಬರೆಸಿಕೊಂಡರು. ಮರುವಾರ ಜೆಸಿಬಿ ತರಿಸಿ ಬದುಗಳನ್ನು ಕೆಡವಿ ಸುಣ್ಣದ ಗೆರೆ ಎಳೆಸಿದರು. ಸೈಟು ಕೊಳ್ಳುವವರು ತಂದ ಹಣದಲ್ಲಿಯೇ ರೈತನ ಬಾಕಿಯನ್ನು ಕಂತುಕಂತಾಗಿ ತೀರಿಸಿದರು. ಹೀಗೆ ಕೈಯಿಂದ ಹಾಕಿದ ಬಂಡವಾಳವೆಂದರೆ ಸುಣ್ಣದ್ದು ಮಾತ್ರ. ಒಂದು ಎಕರೆಗೆ 40 ಗುಂಟೆ, ಗುಂಟೆಗೆ 1,089 ಚದರಡಿ. ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯದ ಜಾಗ ಎಂದೆಲ್ಲ ಕಾನೂನಿನಂತೆ ಬಿಡುತ್ತ ಹೋದರೆ ಹೆಚ್ಚುಕಡಿಮೆ ಅರ್ಧ ಹೋಗಿ, ಮೂವತ್ತು ನಲವತ್ತರ ಸೈಟುಗಳು ಎಕರೆಗೆ ಹದಿನೆಂಟೋ ಇಪ್ಪತ್ತೋ ಸಿಕ್ಕಬಹುದು. ಮಾನ್ಯರು ಇಪ್ಪತ್ತಡಿಯ ಒಂದೇ ಒಂದು ರಸ್ತೆ ಬಿಟ್ಟು ಇಪ್ಪತ್ತೆಂಟು ತೆಗೆದರು. ಉದ್ಯಾನವೆಲ್ಲಿ ಎಂದು ಕೇಳಿದವರಿಗೆ ಬಣ್ಣದ ಕರಪತ್ರವನ್ನು ಕೊಡಲಾಯಿತು. ಅದರಲ್ಲಿ ಉದ್ಯಾನವಿತ್ತು, ಕಾರಂಜಿಯೂ ಇತ್ತು, ನಾಯಿಯನ್ನು ಅಡ್ಡಾಡಿಸುತ್ತಿರುವ ವಿದೇಶಿ ಮಹಿಳೆಯೂ ಇದ್ದರು.

ಕರಪತ್ರದ ಸಾಹಿತ್ಯದ ಬಗ್ಗೆ ಎರಡು ಮಾತು ಹೇಳಲೇಬೇಕು. ದೂರವನ್ನು ಮೈಲಿಯಲ್ಲಿ, ಕಿಲೋಮೀಟರಿನಲ್ಲಿ ಅಳೆಯುವ ಪದ್ಧತಿಯನ್ನು ಅದು ಕೈಬಿಟ್ಟು ಕಾಲವೇ ಬಹಳವಾಯಿತು. ಅಲ್ಲಿ ಎಲ್ಲವೂ ನಿಮಿಷಗಳಲ್ಲಿದೆ. ವರ್ತುಲ ರಸ್ತೆಗೆ ಐದು ನಿಮಿಷ, ಮಂಡಕಳ್ಳಿ ವಿಮಾನ ನಿಲ್ದಾಣಕ್ಕೆ ಹತ್ತು ನಿಮಿಷ, ಬೆಂಗಳೂರಿಗೆ 75 ನಿಮಿಷ. ಯಾವ ವಾಹನದಲ್ಲಿ, ರಾತ್ರಿಯ ಎಷ್ಟು ಗಂಟೆಗೆ ಎಂಬುದನ್ನು ಓದುಗರ ಕಲ್ಪನೆಗೆ ಬಿಡಲಾಗಿದೆ. 118 ಕಿಲೋಮೀಟರಿನ ಬೆಂಗಳೂರು–ಮೈಸೂರು ಹೆದ್ದಾರಿಯು 2023ರ ಮಾರ್ಚ್ 12ರಂದು ಮಂಡ್ಯ ಜಿಲ್ಲೆಯ ಗೆಜ್ಜಲಗೆರೆಯಲ್ಲಿ ಉದ್ಘಾಟನೆಗೊಂಡಾಗ, ಅದರ ಇಕ್ಕೆಲಗಳ ಕಬ್ಬಿನ ಗದ್ದೆಗಳಲ್ಲಿ ಮಾನ್ಯರ ಬಿಳಿ ಕಲ್ಲುಗಳು ಆಗಲೇ ತಲೆಯೆತ್ತಿ ನಿಂತಿದ್ದವು. ಅದೇ ವರ್ಷದ ಆಗಸ್ಟ್ 1ರಿಂದ ಆ ಹೆದ್ದಾರಿಯ ಮುಖ್ಯ ಪಥಗಳಲ್ಲಿ ಬೈಕು, ಆಟೊ, ಟ್ರ್ಯಾಕ್ಟರುಗಳ ಸಂಚಾರ ನಿಷೇಧವಾಯಿತು. ಅಲ್ಲಿಗೆ ಹೊಲ ಮಾರಿದವನ ಟ್ರ್ಯಾಕ್ಟರಿಗೂ ಪ್ರವೇಶವಿಲ್ಲ, ಸೈಟು ಕೊಂಡವನ ಸ್ಕೂಟರಿಗೂ ಪ್ರವೇಶವಿಲ್ಲ. ಆ 75 ನಿಮಿಷದ ಸುಖವನ್ನು ಇಬ್ಬರ ಪರವಾಗಿಯೂ ಮಾನ್ಯರ ಫಾರ್ಚೂನರ್ ಅನುಭವಿಸುತ್ತಿದೆ.

ಚಿತ್ರನಗರಿಯ ಪ್ರಸಂಗವೂ ಅಷ್ಟೇ ರಮ್ಯವಾದುದು. ನಂಜನಗೂಡು ತಾಲ್ಲೂಕಿನ ಹಿಮ್ಮಾವಿಗೆಂದು ಪ್ರಕಟವಾದ ಚಿತ್ರನಗರಿಯು ಸರ್ಕಾರ ಬದಲಾದಾಗ ರಾಮನಗರಕ್ಕೆ ಹೋಯಿತು, ಮತ್ತೆ ಬದಲಾದಾಗ ಬೆಂಗಳೂರಿಗೆ ಹೋಯಿತು, ಇನ್ನೊಮ್ಮೆ ಬದಲಾದಾಗ ಮೈಸೂರಿಗೇ ಮರಳಿತು. ಇಷ್ಟೆಲ್ಲ ಅಲೆದಾಟದಲ್ಲಿ ಅದರ ಪಕ್ಕದ ಸೈಟುಗಳು ಮಾತ್ರ ಒಂದು ದಿನವೂ ಮಾರಾಟ ನಿಲ್ಲಿಸಲಿಲ್ಲ. ಚಾಮುಂಡಿ ಬೆಟ್ಟವಂತೂ ಮೈಸೂರಿನ ಯಾವ ಮೂಲೆಯಿಂದಲೂ ಉಚಿತವಾಗಿ ಕಾಣುವಂಥದು. ಅದನ್ನೂ ‘ಹಿಲ್ ವ್ಯೂ’ ಎಂದು ಹೆಸರಿಸಿ ಚದರಡಿಯ ಮೇಲೆ ದರ ಏರಿಸಬಹುದೆಂದು ಕಂಡುಹಿಡಿದವರು ನಮ್ಮ ಮಾನ್ಯರೇ. ಮಹಿಷಾಸುರನಿಗೂ ಇದು ಹೊಳೆದಿರಲಿಲ್ಲ.

ಇನ್ನು ಕಾನೂನಿನೊಂದಿಗೆ ಅವರ ಸಂಬಂಧ. ಅವರು ಕಾನೂನನ್ನು ಮುರಿಯುತ್ತಾರೆಂದು ಆಡಿಕೊಳ್ಳುವವರಿದ್ದಾರೆ. ಅದು ಅನ್ಯಾಯದ ಮಾತು. ಅವರು ಕಾನೂನಿಗಿಂತ ಸ್ವಲ್ಪ ಮುಂಚೆ ಬರುತ್ತಾರೆ, ಅಷ್ಟೆ. ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳಬಾರದೆಂದು ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು ಹೇಳುತ್ತಿದ್ದ ಕಾಲದಲ್ಲಿಯೇ ಅವರು ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರುಗಳಿಗೆ ಹೊಲ ಕೊಡಿಸುತ್ತಿದ್ದರು. 2020ರಲ್ಲಿ ಆ ಕಲಮುಗಳೇ ಹೋದವು. ಕೃಷಿಭೂಮಿಯನ್ನು ಬೇರೆ ಉದ್ದೇಶಕ್ಕೆ ಬಳಸುವ ಮುನ್ನ ಭೂಕಂದಾಯ ಕಾಯ್ದೆಯ 95ನೆಯ ಕಲಮಿನಂತೆ ಪರಿವರ್ತನೆ ಮಾಡಿಸಬೇಕು. ಮಾನ್ಯರು ಭೂಮಿಯ ಬದಲು ಕೊಳ್ಳುವವರ ಮನಸ್ಸನ್ನು ಪರಿವರ್ತಿಸುತ್ತಾರೆ. ಮನೆ, ಸೈಟು ಕೊಳ್ಳುವವರ ಹಿತ ಕಾಯಲೆಂದು ಬಂದ 2016ರ ರೇರಾ ಕಾಯ್ದೆಯು 500 ಚದರ ಮೀಟರಿಗಿಂತ ದೊಡ್ಡ ಯೋಜನೆಗಳನ್ನು ನೋಂದಾಯಿಸಬೇಕೆಂದೂ ಗ್ರಾಹಕರಿಂದ ಬಂದ ಹಣದ ಶೇ 70ರಷ್ಟನ್ನು ಪ್ರತ್ಯೇಕ ಖಾತೆಯಲ್ಲಿಡಬೇಕೆಂದೂ ವಿಧಿಸಿದಾಗ, ತಮ್ಮದು ಯೋಜನೆಯೇ ಅಲ್ಲವೆಂದು ಅವರು ವಿನಯದಿಂದ ನುಡಿದರು. ಅದು ಬರಿಯ ಹೊಲ. ಕೊಳ್ಳುವವರು ಬರಿಯ ರೈತರು. ಒಂದೇ ಕ್ರಯಪತ್ರದಲ್ಲಿ ಹಾಸನದ ಬ್ಯಾಂಕ್ ನೌಕರ, ಕೊಳ್ಳೇಗಾಲದ ನರ್ಸಮ್ಮ, ದುಬೈಯಲ್ಲಿರುವ ಎಲೆಕ್ಟ್ರಿಷಿಯನ್ ಮತ್ತು ನಿವೃತ್ತ ಮೇಷ್ಟ್ರೊಬ್ಬರು ಒಡಹುಟ್ಟಿದವರಂತೆ ಜಂಟಿ ಖಾತೆದಾರರಾದರು. ಒಬ್ಬರ ಮುಖವನ್ನೊಬ್ಬರು ನೋಡದೆಯೇ ಅವಿಭಕ್ತ ಕುಟುಂಬವಾಗುವ ಇಂತಹ ಸೌಹಾರ್ದವು ಬೇರಾವ ಉದ್ಯಮದಲ್ಲಿ ಸಾಧ್ಯ?

ಅವರ ಯಶಸ್ಸಿನ ಮೂಲ ಧೈರ್ಯದಲ್ಲಾಗಲಿ ಚಾತುರ್ಯದಲ್ಲಾಗಲಿ ಇಲ್ಲ, ತಾಳ್ಮೆಯಲ್ಲಿದೆ ಎಂಬುದು ಈ ಲೇಖಕನ ಖಚಿತ ಅಭಿಪ್ರಾಯ. ತಪ್ಪು ಮಾಡಿ ಸುಮ್ಮನೆ ಕಾದಿದ್ದರೆ ಅದು ತಾನಾಗಿಯೇ ಸರಿಯಾಗುತ್ತದೆಂಬ ಭರವಸೆಯನ್ನು ಅವರಿಗೆ ಕೊಟ್ಟದ್ದು ಸರ್ಕಾರವೇ. ಶುಲ್ಕ ಕಟ್ಟಿಸಿಕೊಂಡು ಅನಧಿಕೃತ ಕಟ್ಟಡ, ಬಡಾವಣೆಗಳನ್ನು ಒಪ್ಪಿಕೊಳ್ಳುವ ‘ಅಕ್ರಮ ಸಕ್ರಮ’ಕ್ಕಾಗಿ 2007ರಲ್ಲಿ ಕಾಯ್ದೆ ತಿದ್ದಲಾಯಿತು, 2014ರಲ್ಲಿ ನಿಯಮಗಳು ಬಂದವು, 2016ರ ಡಿಸೆಂಬರಿನಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು, ಮರುತಿಂಗಳೇ ಸುಪ್ರೀಂ ಕೋರ್ಟು ತಡೆಯಿತು. ಅಕ್ರಮ ಎಸಗಿ ಮುಗಿಸಿರಲು ಅಲ್ಲಿ ನಿಗದಿಯಾಗಿದ್ದ ಕೊನೆಯ ದಿನಾಂಕ 2013ರ ಅಕ್ಟೋಬರ್ 19. ಆಮೇಲೆ 2025ರಲ್ಲಿ ರಾಜ್ಯದ ನಗರ, ಪಟ್ಟಣಗಳ ಅನಧಿಕೃತ ಸ್ವತ್ತುಗಳಿಗೆ ಬಿ ಖಾತೆ, ಅಂದರೆ ತೆರಿಗೆ ಕಟ್ಟಿಸಿಕೊಳ್ಳಲು ಇಡುವ ಎರಡನೆಯ ದರ್ಜೆಯ ದಾಖಲೆ, ಕೊಡುವ ಅಭಿಯಾನ ಬಂದಾಗ ಕೊನೆಯ ದಿನಾಂಕವು 2024ರ ಸೆಪ್ಟೆಂಬರ್ 10 ಆಗಿತ್ತು. ಎರಡು ಕೊನೆಗಳ ನಡುವೆ ಹತ್ತಿರ ಹನ್ನೊಂದು ವರ್ಷಗಳ ಅಂತರವಿದೆ. ಆ ಅಂತರದಲ್ಲಿ ಮಾನ್ಯರು ಬಡಾವಣೆಯ ಮೇಲೆ ಬಡಾವಣೆ ಮಾಡಿದರು. ಕೊನೆಯ ದಿನಾಂಕವೆಂದರೆ ಹೆದರುವವರು ನಾವು ನೀವು. ಅವರು ಅದನ್ನು ಪಂಚಾಂಗದ ಮುಹೂರ್ತದಂತೆ ನೋಡುತ್ತಾರೆ, ಇದು ತಪ್ಪಿದರೆ ಮಾಘದಲ್ಲಿ ಇನ್ನೊಂದು. ಇದರಲ್ಲಿ ಮೆಚ್ಚಬೇಕಾದ ಸಂಗತಿ ಬೇರೊಂದಿದೆ. ಸಕ್ರಮದ ಶುಲ್ಕವಾಗಲಿ, ಹೆಚ್ಚುವರಿ ತೆರಿಗೆಯಾಗಲಿ, ಕಚೇರಿಯ ಮೆಟ್ಟಿಲು ಹತ್ತುವ ಶ್ರಮವಾಗಲಿ ಅಕ್ರಮ ಎಸಗಿದವರ ಪಾಲಿಗೆ ಬರುವುದಿಲ್ಲ. ಎಲ್ಲವೂ ಸೈಟು ಕೊಂಡವರ ಪಾಲಿಗೆ. ಪಾಪವನ್ನೂ ರಿಜಿಸ್ಟರ್ ಮಾಡಿಸಿ ವರ್ಗಾಯಿಸುವ ಸೌಲಭ್ಯ ಯಮನ ಕಚೇರಿಯಲ್ಲಿಯೂ ಇದ್ದಂತಿಲ್ಲ.

ಕೊಂಡವರ ಪೈಕಿ ಮೇಲೆ ಹೇಳಿದ ಮೇಷ್ಟ್ರು ನಿವೃತ್ತಿಯ ಹಣವನ್ನೆಲ್ಲ ಸುರಿದು ಅಲ್ಲಿಯೇ ಮನೆ ಕಟ್ಟಿಸಿದರು. ಕಾವೇರಿ ನೀರಿನ ಪೈಪು ಬಡಾವಣೆಯ ಕಮಾನಿಗೆ ಬಂದು ನಿಲ್ಲುವ ಸೂಚನೆಯೂ ಇರಲಿಲ್ಲ, ಬೋರ್‌ವೆಲ್ ಬತ್ತಿತ್ತು, ಟ್ಯಾಂಕರು ಮಾನ್ಯರ ಭಾವಮೈದುನರದು. ಹಸ್ತಾಂತರವಾಗದ ಬಡಾವಣೆಯ ಬೀದಿದೀಪಕ್ಕೆ ತಾವು ಹೊಣೆಯಲ್ಲವೆಂದು ಪಂಚಾಯಿತಿ ಹೇಳಿತು, ಹಸ್ತಾಂತರಕ್ಕೆ ಬೇಕಾದ ಚರಂಡಿಯೇ ಇಲ್ಲವೆಂದು ಪ್ರಾಧಿಕಾರ ಹೇಳಿತು. ಒಂದು ಭಾನುವಾರ ಮೇಷ್ಟ್ರು ಮಾನ್ಯರನ್ನೇ ಕಂಡು, “ಏನಪ್ಪಾ, ನೀರಿನ ಕಥೆ ಏನಾಯಿತು?” ಎಂದು ಕೇಳಿದರು. ಮಾನ್ಯರು ಎದ್ದು ನಿಂತು, ಅವರ ಕಾಲುಮುಟ್ಟಿ ನಮಸ್ಕರಿಸಿ, “ಬತ್ತದೆ ಬುಡಿ ಮೇಷ್ಟ್ರೇ, ಕಾವೇರವ್ವ ಎಲ್ಲಿಗೋದಾಳು? ಮೊದ್ಲು ಕಾಪಿ ಕುಡೀರಿ” ಎಂದರು. ಆ ಕಾಫಿಗೆ ಬಳಸಿದ್ದು ಕ್ಯಾನಿನ ನೀರು. ಮೇಷ್ಟ್ರು ಹೊರಡುವಾಗ ಅವರ ಕೈಗೆ ಎರಡನೆಯ ಹಂತದ ಕರಪತ್ರವನ್ನೂ ಕೊಡಲಾಯಿತು. ಪರಿಚಯದವರು ಯಾರಾದರೂ ಇದ್ದರೆ ಎರಡು ಪರ್ಸೆಂಟ್ ಕಮಿಷನ್.

ದಾನಧರ್ಮದ ಅಧ್ಯಾಯವನ್ನು ಬೇಗ ಮುಗಿಸಬಹುದು. ಗುಡಿಯ ಜೀರ್ಣೋದ್ಧಾರ, ನವೆಂಬರ್ ಮೂವತ್ತರವರೆಗೂ ನಡೆಯುವ ರಾಜ್ಯೋತ್ಸವ, ಶಾಲಾಮಕ್ಕಳಿಗೆ ಅವರದೇ ಭಾವಚಿತ್ರದ ನೋಟ್‌ಬುಕ್ಕು, ಟೆನಿಸ್ ಬಾಲ್ ಕ್ರಿಕೆಟ್ ಪಂದ್ಯಾವಳಿ, ಇವೆಲ್ಲ ಇದ್ದದ್ದೇ. ಗುಂಡುತೋಪಿನ ಜಾಗದಲ್ಲಿ ಎದ್ದ ಮೂರನೆಯ ಹಂತದಲ್ಲಿ ಪರಿಸರ ದಿನದಂದು ಅವರು ಸಸಿ ನೆಟ್ಟರೆಂಬುದನ್ನು ಮಾತ್ರ ಪ್ರತ್ಯೇಕವಾಗಿ ನಮೂದಿಸಬೇಕು. ಸಸಿ ನೆಟ್ಟದ್ದು ಮೂಲೆ ಸೈಟಿನಲ್ಲಿ. ಆ ಸೈಟು ಮರುವಾರ ಮಾರಾಟವಾಯಿತು.

ಈಗ ಮಾನ್ಯರು ಜನಸೇವೆಗೆ ಇಳಿಯಲಿದ್ದಾರೆ. ಟಿಕೆಟ್ ಯಾವ ಪಕ್ಷದಿಂದ ಎಂಬುದು ಇನ್ನೂ ತೀರ್ಮಾನವಾಗಿಲ್ಲವಾದ್ದರಿಂದ ಸದ್ಯದ ಫ್ಲೆಕ್ಸುಗಳಲ್ಲಿ ಮೂರೂ ಪಕ್ಷಗಳ ಮುಖಂಡರಿಗೆ ಸಮಾನ ಅಳತೆಯ ಜಾಗ ಕೊಡಲಾಗಿದೆ. ಪ್ರಮಾಣಪತ್ರದ ಕರಡು ಸಿದ್ಧವಾಗಿದ್ದು, ವೃತ್ತಿ ಎಂಬಲ್ಲಿ ‘ಕೃಷಿ’ ಎಂದೂ ಆದಾಯದ ಮೂಲ ಎಂಬಲ್ಲಿ ‘ಕೃಷಿ’ ಎಂದೂ ಬರೆಯಲಾಗಿದೆಯಂತೆ. ಕೃಷಿ ಆದಾಯಕ್ಕೆ ಕೇಂದ್ರದ ವರಮಾನ ತೆರಿಗೆಯಿಲ್ಲವೆಂಬುದು ಇದಕ್ಕೆ ಕಾರಣವೆಂದು ವಿರೋಧಿಗಳು ಹೇಳಬಹುದು. ಆದರೆ ದಾಖಲೆಗಳು ಮಾನ್ಯರ ಪರವಾಗಿಯೇ ಇವೆ. ಅವರ ಮೊದಲ ಬಡಾವಣೆಯಲ್ಲಿ ಈಗ ಎರಡು ಅಂತಸ್ತಿನ ಮನೆಗಳು, ಒಂದು ಬೇಕರಿ, ಒಂದು ಬ್ಯೂಟಿ ಪಾರ್ಲರು, ಒಂದು ಇಂಗ್ಲಿಷ್ ಶಾಲೆ ಎದ್ದಿದ್ದರೂ, ಪರಿವರ್ತನೆಯಾಗದ ಆ ಸರ್ವೆ ನಂಬರಿನ ಪಹಣಿಯ ಬೆಳೆ ಕಾಲಂನಲ್ಲಿ ಇಂದಿಗೂ ಭತ್ತವೇ ಇದೆ, ಖಾತೆ ಬದಲಾಗದೆ ಉಳಿದ ಗುಂಟೆಗಳ ಮುಂದೆ ಅವರ ಹೆಸರೇ ಇದೆ. ಕಳೆದ ಮುಂಗಾರಿನಲ್ಲಿ, ನೀರು ಹರಿಯುತ್ತಿದ್ದ ಹಳ್ಳದ ಜಾಗದಲ್ಲಿಯೇ ಕಟ್ಟಿದ ಆ ಮನೆಗಳಿಗೆ ಮೊಣಕಾಲುದ್ದ ನೀರು ನುಗ್ಗಿ ಮೇಷ್ಟ್ರು ನಡುಮನೆಯಿಂದ ಬಕೆಟ್ಟಿನಲ್ಲಿ ನೀರು ಎತ್ತಿಹಾಕುತ್ತಿದ್ದಾಗ, ಮಾನ್ಯರು ತಾಲ್ಲೂಕು ಕಚೇರಿಗೆ ಅರ್ಜಿ ಹಾಕಿದರು: ಶೇ 33ಕ್ಕಿಂತ ಹೆಚ್ಚು ಭತ್ತ ಹಾಳಾಗಿರುವುದರಿಂದ ನಿಯಮದಂತೆ ಬೆಳೆಹಾನಿ ಪರಿಹಾರ ಮಂಜೂರು ಮಾಡಬೇಕೆಂದು.