ಎನ್-1 ರಾಕೆಟ್ ಸ್ಫೋಟದಲ್ಲಿ ಗಗನಯಾತ್ರಿಗಳು ಸತ್ತಿಲ್ಲ

‘1969ರ ಜುಲೈನಲ್ಲಿ ರಷ್ಯಾದ ಚಂದ್ರ ರಾಕೆಟ್ ಸಿಡಿದು ಗಗನಯಾತ್ರಿಗಳು ಸತ್ತರು, ಸುದ್ದಿ ಮುಚ್ಚಿಟ್ಟರು’ ಎಂಬ ಮೆಸೇಜ್ ಓಡಾಡುತ್ತಿದೆ. ಸ್ಫೋಟ ನಿಜ, ಸಾವು ಸುಳ್ಳು.

ಜುಲೈ 3ರಂದು ಸೋವಿಯತ್ ಉಡಾವಣಾ ಕೇಂದ್ರ ಬೈಕನೂರಿನಲ್ಲಿ ಎನ್-1 ಎಂಬ ಆ ಚಂದ್ರ ರಾಕೆಟ್ ನೆಲ ಬಿಟ್ಟ ಕೆಲವೇ ಸೆಕೆಂಡಿಗೆ ಉಡಾವಣಾ ಕಟ್ಟೆಯ ಮೇಲೇ ಬಿದ್ದು ಸಿಡಿಯಿತು. ಅದರೊಳಗೆ ಯಾರೂ ಇರಲಿಲ್ಲ. ತುದಿಯಲ್ಲಿದ್ದ ಪುಟ್ಟ ರಕ್ಷಣಾ ರಾಕೆಟ್ ಖಾಲಿ ಕ್ಯಾಪ್ಸೂಲನ್ನು ಬೆಂಕಿಯಿಂದ ದೂರ ಎಳೆದೊಯ್ದಿತು. ಅಷ್ಟರ ಮಟ್ಟಿಗೆ ಸುರಕ್ಷತಾ ವ್ಯವಸ್ಥೆ ಕೆಲಸ ಮಾಡಿತ್ತು ಅಲ್ವಾ! 1972ರವರೆಗೆ ಹಾರಿಸಿದ ನಾಲ್ಕೂ ಎನ್-1 ವಿಫಲವಾದವು, ನಾಲ್ಕರಲ್ಲೂ ಜನರಿರಲಿಲ್ಲ. ಸೋವಿಯತ್ ಎಂಜಿನಿಯರ್ ಬೋರಿಸ್ ಚೆರ್ಟೊಕ್ ತಮ್ಮ ನೆನಪುಗಳಲ್ಲಿ ಇದನ್ನೆಲ್ಲ ಬಿಚ್ಚಿ ಬರೆದಿದ್ದಾರೆ.

ಬೈಕನೂರಿನಲ್ಲಿ ಹತ್ತಾರು ಜನ ಸತ್ತದ್ದು 1960ರ ಅಕ್ಟೋಬರ್ 24ರಂದು, ಆರ್-16 ಕ್ಷಿಪಣಿ ಸಿಡಿದಾಗ. ಎರಡೂ ಬೆರೆತಿರಬೇಕು. ದಯವಿಟ್ಟು ಆ ಮೆಸೇಜ್ ಫಾರ್ವರ್ಡ್ ಮಾಡಬೇಡಿ.