ಕಟ್ಟಿದವರ ಜವಾಬ್ದಾರಿಯ ಬಗ್ಗೆಯೂ ಬರೆಯಿರಿ

ಬೀದರ್‌ನ ಹುಡುಗರು ಥರ್ಮಾಕೋಲ್‌ನಲ್ಲಿ ರಿಮೋಟ್ ವಿಮಾನ ಕಟ್ಟುತ್ತಿರುವ ಬಗ್ಗೆ ನಿಮ್ಮ ಪತ್ರಿಕೆಯ ಲೇಖನ ಓದಿ ಖುಷಿಯಾಯಿತು. ವಾಯುಪಡೆಯ ಕಸರತ್ತು ತಂಡ ಸೂರ್ಯಕಿರಣದ ಹಾಕ್ ವಿಮಾನಗಳನ್ನು ನೋಡಿ ಬೆಳೆದ ಮಕ್ಕಳಿಗೆ ಈ ಆಸೆ ಬರದೇ ಇರುತ್ತಾ? ಆದರೆ ಲೇಖನದಲ್ಲಿ ‘ಹಾರಿಸುವಾಗ ಹುಷಾರು’ ಎಂದಷ್ಟೇ ಇದೆ. ಅದು ಸಾಲದು. ಎಷ್ಟೋ ಅಪಾಯ ಕಟ್ಟುವ ಮೇಜಿನ ಮೇಲೆಯೇ ಶುರುವಾಗುತ್ತದೆ.

ಮೋಟಾರ್ ಪರೀಕ್ಷಿಸುವಾಗ ಪ್ರೊಪೆಲ್ಲರ್ ಬಿಚ್ಚಿಡಲೇಬೇಕು. ಬ್ಯಾಟರಿ ಜೋಡಿಸಿದ ಕ್ಷಣವೇ ಅದು ತಿರುಗಿಬಿಡಬಹುದು, ಬೆರಳು ಹೋದರೆ ಮತ್ತೆ ಬರುತ್ತಾ? ಸಿಗ್ನಲ್ ತಪ್ಪಿದರೆ ಮೋಟಾರ್ ತಾನೇ ನಿಲ್ಲುವಂತೆ ಫೇಲ್‌ಸೇಫ್ ಸೆಟ್ ಮಾಡಿ. ಸುಮ್ನೆ ನಂಬಬೇಡಿ, ಟ್ರಾನ್ಸ್‌ಮಿಟರ್ (ಕೈಯಲ್ಲಿರುವ ರಿಮೋಟ್) ಆಫ್ ಮಾಡಿ ನೆಲದ ಮೇಲೆಯೇ ನೋಡಿ. ರೆಕ್ಕೆ, ಬಾಲದ ಅಲುಗಾಡುವ ಪಟ್ಟಿಗಳನ್ನು ಹಿಡಿದಿರುವ ಹಿಂಜ್‌ಗಳನ್ನು ಪ್ರತಿ ಸಲ ಕೈಯಿಂದ ಎಳೆದು ನೋಡಿ. ಅಂಟು ಬಿಟ್ಟಿದ್ದರೆ ಅವತ್ತು ಹಾರಿಸುವುದೇ ಬೇಡ. ತೂಕ ಹಿಂದಕ್ಕೆ ಜಾಸ್ತಿಯಾದರೆ ಎಂಥ ಪಳಗಿದ ಕೈಗೂ ವಿಮಾನ ಹಿಡಿತಕ್ಕೆ ಸಿಗುವುದು ಕಷ್ಟ.

ನಮ್ಮ ಕಡೆ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಮುಚ್ಚಿದ ಕಾರಿನಲ್ಲಿ ಈ ವಿಮಾನಗಳ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ಬಿಡಬೇಡಿ. ಉಬ್ಬಿದ್ದನ್ನು ‘ಇನ್ನೊಂದೇ ಸಲ’ ಅಂತ ಚಾರ್ಜಿಗೆ ಹಾಕಬೇಡಿ, ಬೆಂಕಿ ಹತ್ತಬಹುದು.

ಊರಿನಲ್ಲೇ ವಾಯುನೆಲೆ ಇದೆ, ಅಲ್ಲಿ ಪೈಲಟ್‌ಗಳು ತರಬೇತಿ ಪಡೆಯುತ್ತಾರೆ. 2021ರ ಡ್ರೋನ್ ನಿಯಮಗಳ ಪ್ರಕಾರ ಕೆಂಪು ವಲಯದಲ್ಲಿ (ಹಾರಾಟ ನಿರ್ಬಂಧಿಸಿದ ಪ್ರದೇಶದಲ್ಲಿ) ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಡ್ರೋನ್ ಹಾರಿಸುವಂತಿಲ್ಲ, ಇಂಥ ರಿಮೋಟ್ ವಿಮಾನವೂ ಅದರಲ್ಲಿ ಸೇರುತ್ತದೆ. ಆ ವಲಯಗಳು ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ಕಾಣುತ್ತವೆ. ಅದನ್ನು ನೋಡುವುದು ಹೇಗೆ ಅಂತ ಮುಂದಿನ ಲೇಖನದಲ್ಲಿ ತಿಳಿಸಿದರೆ ಹುಡುಗರಿಗೂ ಶಾಲೆಯ ಮಾಸ್ತರರಿಗೂ ತುಂಬಾ ಅನುಕೂಲ.